ಹೊಲದ ಉತಾರ, ಬ್ಯಾಂಕಿನ ಪುಸ್ತಕ

ಶಿರಸಂಗಿಯ ಲಿಂಗರಾಜ ದೇಸಾಯರು 1906ರಲ್ಲಿ ತೀರಿಕೊಂಡರು. ತಮ್ಮ ಆಸ್ತಿಯನ್ನು ಲಿಂಗಾಯತ ಮಕ್ಕಳ ಓದಿಗೆಂದು ಅವರು ಬರೆದಿಟ್ಟಿದ್ದರು. ಹೊಲದ ಹುಟ್ಟುವಳಿಯೇ ವಿದ್ಯಾರ್ಥಿವೇತನವಾಯಿತು. 1933ರಲ್ಲಿ ಕೆ.ಎಲ್.ಇ. ಸಂಸ್ಥೆ ಬೆಳಗಾವಿಯಲ್ಲಿ ತೆರೆದ ಕಾಲೇಜು ಇಂದಿಗೂ ಅವರ ಹೆಸರು ಹೊತ್ತಿದೆ.

ಈಚೆಗೆ ನನ್ನ ಹಳೆಯ ವಿದ್ಯಾರ್ಥಿನಿಯ ತಾಯಿ ಖಾನಾಪುರದಿಂದ ಗದ್ದೆಯ ಉತಾರ ಹಿಡಿದು ಬಂದರು. ಮಗಳ ಇಂಗ್ಲೆಂಡ್ ವೀಸಾಕ್ಕೆ ಅದೂ ನಡೆಯದು, ಕೊರಳ ಬಂಗಾರವೂ ನಡೆಯದು. ಬಾಕಿ ಶುಲ್ಕ, ಒಂಬತ್ತು ತಿಂಗಳವರೆಗಿನ ಖರ್ಚು ಎರಡೂ ಮಗಳ ಇಲ್ಲವೇ ತಂದೆತಾಯಿಯ ಖಾತೆಯಲ್ಲಿ ಸತತ 28 ದಿನ ಇರಬೇಕು. ಬ್ಯಾಂಕಿನ ಶಿಕ್ಷಣ ಸಾಲದ ಪತ್ರವಿದ್ದರೆ ಆ 28 ದಿನದ ಕಟ್ಟಿಲ್ಲ. ಆದರೆ ದೊಡ್ಡ ಸಾಲಕ್ಕೆ ಹೆಚ್ಚಾಗಿ ಮನೆಯನ್ನೇ ಅಡವು ಕೇಳುತ್ತಾರೆ.

ಅಂದು ಒಬ್ಬರ ಭೂಮಿ ಹಲವರನ್ನು ಓದಿಸಿತು. ಇಂದು ಒಬ್ಬಳ ಓದಿಗೆ ಇಡೀ ಮನೆಯೇ ಜಾಮೀನು. ಸಹಿ ಮಾಡುವ ಮುನ್ನ ತಾಯಂದಿರು ಆ ಕಾಗದವನ್ನು ತಾವೇ ಓದಬೇಕು.