ಬಳ್ಳಾರಿಯ ಐಗಳ ಮಠ, ಲಂಡನ್ನಿನ ಮಾನಿಟರು

ಇಂಗ್ಲೆಂಡಿನ ಬಡವರ ಮಕ್ಕಳಿಗೆ ದೊಡ್ಡ ಪ್ರಮಾಣದಲ್ಲಿ ಅಕ್ಷರ ಕಲಿಸಿದ ಮೊದಮೊದಲ ಪದ್ಧತಿಗಳಲ್ಲೊಂದರ ಹೆಸರು ‘ಮದ್ರಾಸ್ ಪದ್ಧತಿ’. ನಾನು ಟಿ.ಸಿ.ಎಚ್. ಓದುವಾಗ, ಇಂಗ್ಲಿಷ್ ಶಿಕ್ಷಣವನ್ನು ಇಲ್ಲಿಗೆ ತರಬೇಕೆಂದ ಮೆಕಾಲೆಯ 1835ರ ಟಿಪ್ಪಣಿಯನ್ನು ಬಾಯಿಪಾಠ ಮಾಡಿಸಿದ್ದರು. ಅದಕ್ಕೆ ನಾಲ್ಕು ದಶಕ ಮೊದಲೇ ಸರಕು ಎದುರು ದಿಕ್ಕಿಗೆ ಹಡಗು ಹತ್ತಿತ್ತೆಂದು ಯಾರೂ ಹೇಳಲಿಲ್ಲ.

ಹಡಗು ಹತ್ತಿಸಿದವನು ಆಂಡ್ರ್ಯೂ ಬೆಲ್, ಸ್ಕಾಟ್ಲೆಂಡಿನ ಪಾದ್ರಿ. 1789ರಲ್ಲಿ ಮದ್ರಾಸಿನ ಎಗ್ಮೋರಿನಲ್ಲಿ ಸೈನಿಕರ ಗಂಡುಮಕ್ಕಳ ಅನಾಥಾಲಯದ ಉಸ್ತುವಾರಿ ವಹಿಸಿಕೊಂಡ. ಅಲ್ಲಿನ ಊರ ಶಾಲೆಯೊಂದರಲ್ಲಿ ಮಕ್ಕಳು ಮರಳ ಮೇಲೆ ಬೆರಳಾಡಿಸಿ ಅಕ್ಷರ ತಿದ್ದುವುದು ಅವನ ಕಣ್ಣಿಗೆ ಬಿತ್ತು. ನೀವೂ ಹೀಗೇ ಕಲಿಸಿ ಎಂದರೆ ಅವನ ಉಪಾಧ್ಯಾಯರು ಒಪ್ಪಲಿಲ್ಲ. ಬೆಲ್ ಆ ಕೆಲಸವನ್ನು ಸಿಪಾಯಿಯೊಬ್ಬನ ಮಗ ಜಾನ್ ಫ್ರಿಸ್ಕೆನ್ ಎಂಬ ಹುಡುಗನಿಗೆ ಒಪ್ಪಿಸಿದ. ಹುಡುಗ ಮಾಡಿ ತೋರಿಸಿದ. 1797ರಲ್ಲಿ ಬೆಲ್ ಲಂಡನ್ನಿನಲ್ಲಿ ಇದನ್ನೆಲ್ಲ ಪುಸ್ತಕ ಮಾಡಿದ.

ಊರ ಶಾಲೆಗಳು ಹೇಗಿದ್ದವೆಂದು ತಿಳಿಯಲು ನನಗೆ ಮದ್ರಾಸಿನವರೆಗೆ ಹೋಗಬೇಕಿಲ್ಲ. ನಮ್ಮ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ರೆವಿನ್ಯೂ ಬೋರ್ಡಿಗೆ ಕಳಿಸಿದ ವರದಿಯಿದೆ. ತೆಲುಗು ವ್ಯಾಕರಣ ಬರೆದ ಮನುಷ್ಯ, ಕಣ್ಣು ಚುರುಕು. ಐದು ತುಂಬಿದ ಮಗುವಿನ ಮನೆಗೆ ಐಗಳನ್ನೂ ಹುಡುಗರನ್ನೂ ಕರೆಸಿ, ಗಣಪತಿಯ ಮುಂದೆ ಕೂರಿಸಿ, ಬೆರಳು ಹಿಡಿದು ಅಕ್ಕಿಯ ಮೇಲೆ ಬರೆಸುವುದರಿಂದ ಅವನು ಶುರುಮಾಡುತ್ತಾನೆ. ಬೆಳಗ್ಗೆ ಆರಕ್ಕೆ ಶಾಲೆ. ಮೊದಲು ಬಂದವನ ಅಂಗೈ ಮೇಲೆ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಒಂದು ಮೆಲ್ಲನೆಯ ಏಟು, ನಾಲ್ಕನೆಯವನಿಗೆ ಎರಡು. ಆಮೇಲೆ ಬಂದವರಿಗೆ ಒಂದೊಂದೇ ಹೆಚ್ಚು. ಮರಳು ಮುಗಿದ ಮೇಲೆ ಹಲಗೆ, ಕಡತ. ಪುಂಡರ ಎರಡೂ ಕೈ ಕಟ್ಟಿ ಸೂರಿಗೆ ತೂಗುಹಾಕುತ್ತಿದ್ದರಂತೆ. ನನ್ನ ಅಜ್ಜ ಅದನ್ನೇ ಕೋದಂಡ ಅನ್ನುತ್ತಿದ್ದರು, ಅನುಭವದಿಂದ. ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುವ ರೀತಿಯನ್ನು ಕ್ಯಾಂಪ್‌ಬೆಲ್ ಮೆಚ್ಚಿಕೊಂಡು, ಇಂಗ್ಲೆಂಡು ಇದನ್ನು ಅನುಕರಿಸಿದ್ದು ತಕ್ಕುದೇ ಎಂದೂ ಬರೆದ.

ಇತಿಹಾಸಕಾರ ಧರಂಪಾಲರು 1983ರಲ್ಲಿ ಈ ವರದಿಗಳನ್ನು ಪುಸ್ತಕವಾಗಿ ತಂದ ಮೇಲೆ ಆ ಒಂದು ಮಾತು ವೇದಿಕೆಗಳಿಗೆ ಸಿಕ್ಕಿತು. ಉಳಿದದ್ದನ್ನು ಓದುವವರು ಕಡಿಮೆ. ಜಿಲ್ಲೆಯಲ್ಲಿ 533 ಶಾಲೆ, ಅದರಲ್ಲಿ 235 ಕನ್ನಡದವು, 226 ತೆಲುಗಿನವು. ಮಕ್ಕಳು 6,641; ಹುಡುಗಿಯರು 60. ಒಂಬತ್ತು ಲಕ್ಷ ದಾಟಿದ ಜನಸಂಖ್ಯೆಗೆ ಇಷ್ಟೇ. ಅರ್ಥ ತಿಳಿಯದ ಪದ್ಯ ಉರು ಹೊಡೆಸುತ್ತಾರೆಂಬ ದೂರೂ ಅದರಲ್ಲಿದೆ. ಶಾಲೆಗಳು ಸೊರಗುತ್ತಿರುವುದಕ್ಕೆ ದೇಶ ಬಡವಾಗುತ್ತಿರುವುದೇ ಕಾರಣ, ನಮ್ಮ ಬಟ್ಟೆ ಬಂದು ಇಲ್ಲಿನ ನೇಕಾರರ ಕೈ ಕಟ್ಟಿತು ಎಂದು ಕಂಪನಿಯ ಅಧಿಕಾರಿಯೇ ಒಪ್ಪಿಕೊಂಡದ್ದೂ ಇದೆ.

ನಾನು ಹಿಡಿದುಕೊಳ್ಳುವುದು ಬೇರೊಂದು ಲೆಕ್ಕ. ಬಳ್ಳಾರಿಯಲ್ಲಿ ಶಾಲೆಗೆ ಸರಾಸರಿ ಹನ್ನೆರಡು ಮಕ್ಕಳು. ಅಷ್ಟರಲ್ಲಿ ದೊಡ್ಡವನು ಚಿಕ್ಕವನಿಗೆ ಮಗ್ಗಿ ಹೇಳಿಸಿದರೆ ಅದು ಐಗಳಿಗೆ ನೆರವು. ಕೂಡ್ಲಿಗಿ ಕಡೆಯ ನನ್ನ ಶಾಲೆಯಲ್ಲಿ ಮೂರು ತರಗತಿಗೆ ಒಂದೇ ಕೋಣೆ. ನಾಲ್ಕನೆಯ ತರಗತಿಯ ಹುಡುಗಿಯರೇ ಒಂದನೆಯದನ್ನು ಸಂಭಾಳಿಸುತ್ತಿದ್ದರು, ನಾನು ಕೂಗಳತೆಯಲ್ಲೇ ಇರುತ್ತಿದ್ದೆ. ಲಂಡನ್ನಿನಲ್ಲಿ ಆದದ್ದು ಬೇರೆ. ಜೋಸೆಫ್ ಲ್ಯಾಂಕಾಸ್ಟರ್ 1798ರಲ್ಲಿ ಸದರ್ಕ್‌ನಲ್ಲಿ ಶಾಲೆ ತೆರೆದ, ಆಮೇಲೆ ಬರೋ ರೋಡಿಗೆ ಬೆಳೆಸಿದ. ದೊಡ್ಡ ಹಾಲು, ಸಾಲು ಬೆಂಚು, ನೂರಾರು ಮಕ್ಕಳು, ಒಬ್ಬನೇ ಮೇಷ್ಟ್ರು. ಪಾಠವೆಲ್ಲ ಮಾನಿಟರುಗಳೆಂಬ ದೊಡ್ಡ ಹುಡುಗರದು. ನೆರವಾಗಿದ್ದ ಪದ್ಧತಿ ಅಲ್ಲಿ ಮೇಷ್ಟರ ಬದಲಿಗೇ ನಿಂತಿತು, ಏಕೆಂದರೆ ಅಗ್ಗ. ಲ್ಯಾಂಕಾಸ್ಟರ್ ಬೆತ್ತದ ವಿರೋಧಿ; ಆದರೆ ತಪ್ಪು ಮಾಡಿದವನನ್ನು ಬುಟ್ಟಿಯಲ್ಲಿ ಕೂರಿಸಿ ಸೂರಿಗೆ ತೂಗುಬಿಡುತ್ತಿದ್ದ. ಕೋದಂಡವೂ ಹಡಗು ಹತ್ತಿತ್ತೇನೋ!

ಈ ಪದ್ಧತಿ ಯಾರ ಕೂಸೆಂದು ಬೆಲ್‌ಗೂ ಲ್ಯಾಂಕಾಸ್ಟರನಿಗೂ ಜಗಳ. ಬೆಲ್ ಬೆನ್ನಿಗೆ ಇಂಗ್ಲೆಂಡಿನ ಚರ್ಚು ನಿಂತು 1811ರಲ್ಲಿ ನ್ಯಾಷನಲ್ ಸೊಸೈಟಿ ಹುಟ್ಟಿತು. ಕ್ವೇಕರ್ ಆದ ಲ್ಯಾಂಕಾಸ್ಟರನ ಕಡೆಯವರು ಬೇರೆ ಸಂಘ ಕಟ್ಟಿದರು. ಬೆಲ್‌ಗೆ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿ, ಲ್ಯಾಂಕಾಸ್ಟರನಿಗೆ ನ್ಯೂಯಾರ್ಕಿನ ಬೀದಿಯಲ್ಲಿ ಗಾಡಿಯಡಿ ಸಾವು. ಇಂದಿಗೂ ಇಂಗ್ಲೆಂಡಿನ ಸರ್ಕಾರಿ ದುಡ್ಡಿನ ಪ್ರಾಥಮಿಕ ಶಾಲೆಗಳಲ್ಲಿ ಸುಮಾರು ಕಾಲು ಭಾಗ ಆ ಚರ್ಚಿನವು. ಮಗುವಿಗೆ ಸೀಟು ಬೇಕೆಂದು ಭಾನುವಾರ ಪ್ರಾರ್ಥನೆಗೆ ಹೋಗತೊಡಗಿದ ತಂದೆತಾಯಿಯರ ಕಥೆಗಳನ್ನು ಲಂಡನ್ನಿನಲ್ಲಿರುವ ಮಗಳು ನಗುತ್ತಾ ಹೇಳುತ್ತಾಳೆ.

ಅಲ್ಲಿನ ಸರ್ಕಾರ ಶಾಲೆಗೆಂದು ಮೊದಲು ಕೈ ಬಿಚ್ಚಿದ್ದು 1833ರಲ್ಲಿ, 20,000 ಪೌಂಡು. 1846ರಲ್ಲಿ ಮಾನಿಟರ ಜಾಗಕ್ಕೆ ಹದಿಮೂರು ತುಂಬಿದ, ಸಂಬಳ ಪಡೆದು ಐದು ವರ್ಷ ಕಸುಬು ಕಲಿಯುವ ಶಿಷ್ಯ-ಶಿಕ್ಷಕರು ಬಂದರು. ಇನ್ನೇನು ತರಬೇತಾದ ಮೇಷ್ಟ್ರು ಸಿಕ್ಕರು ಅನ್ನುವಾಗ 1862ರಲ್ಲಿ ಶಿಕ್ಷಣದ ಹೊಣೆ ಹೊತ್ತಿದ್ದ ಮಂತ್ರಿ ರಾಬರ್ಟ್ ಲೋ ‘ಫಲಿತಾಂಶಕ್ಕೆ ತಕ್ಕ ಹಣ’ ತಂದ. ಮಗುವಿನ ಹಾಜರಿಗೆ ನಾಲ್ಕು ಶಿಲ್ಲಿಂಗ್. ಓದು, ಬರಹ, ಲೆಕ್ಕದಲ್ಲಿ ಇನ್‌ಸ್ಪೆಕ್ಟರ್ ಎದುರು ಪಾಸಾದರೆ ಎಂಟು. ಒಂದರಲ್ಲಿ ಫೇಲಾದರೆ ಆ ವಿಷಯದ ಪಾಲು ಕಡಿತ. ಕವಿ ಮ್ಯಾಥ್ಯೂ ಆರ್ನಾಲ್ಡ್ ಮೂವತ್ತೈದು ವರ್ಷ ಅದೇ ಇನ್‌ಸ್ಪೆಕ್ಟರ್ ಕೆಲಸದಲ್ಲಿದ್ದವನು. ಪಾಠ ಯಂತ್ರವಾಯಿತೆಂದು ತನ್ನ ಇಲಾಖೆಯನ್ನೇ ಟೀಕಿಸಿದ. ಬಿ.ಇ.ಒ. ಬರುವ ದಿನಕ್ಕೆಂದೇ ಪಾಠ ಒಪ್ಪಿಸಲು ತಯಾರಾಗುವ ಶಾಲೆಗಳನ್ನು ಕಂಡ ನನಗೆ ಅವನ ಮೇಲೆ ವಿಶೇಷ ಮಮತೆ.

ಉಳಿದದ್ದನ್ನು ಬೇಗ ಹೇಳಬಹುದು. 1870ರ ಕಾಯ್ದೆ ಶಾಲೆಯಿಲ್ಲದ ಕಡೆ ಬೋರ್ಡು ಶಾಲೆ ತಂದಿತು. 1880ರಲ್ಲಿ ಐದರಿಂದ ಹತ್ತು ವರ್ಷದವರೆಗೆ ಕಡ್ಡಾಯ. 1891ರಿಂದ ಬಹುಪಾಲು ಶಾಲೆಗಳಲ್ಲಿ ಫೀಸು ಹೋಯಿತು. ಆದರೆ ಅದೊಂದು ಬಡವರ ಓಣಿ. ಅಲ್ಲಿಂದ ವಿಶ್ವವಿದ್ಯಾಲಯಕ್ಕೆ ದಾರಿಯಿರಲಿಲ್ಲ. ಆಕ್ಸ್‌ಫರ್ಡ್, ಕೇಂಬ್ರಿಡ್ಜುಗಳಂತೂ 1871ರವರೆಗೆ ಚರ್ಚಿನ ಹೊರಗಿನವರಿಗೆ ಪೂರಾ ಬಾಗಿಲು ತೆರೆದಿರಲಿಲ್ಲ. 1944ರಲ್ಲಿ ಪ್ರೌಢಶಾಲೆ ಎಲ್ಲರಿಗೂ ಉಚಿತವಾಯಿತು. ಆದರೆ ಹನ್ನೊಂದರ ಪರೀಕ್ಷೆಯಲ್ಲಿ ಗೆದ್ದವರು ಗ್ರಾಮರ್ ಶಾಲೆಗೆ, ಉಳಿದ ಹೆಚ್ಚಿನವರು ಸೆಕೆಂಡರಿ ಮಾಡರ್ನ್‌ಗೆ. 1965ರಿಂದ ಆ ಭೇದ ಬಹುಪಾಲು ಕಡೆ ಕರಗಿದರೂ ಕೆಂಟ್‌ನಂಥ ಕೆಲವು ಕಡೆ ಇಂದಿಗೂ ಇದೆ.

ಲಂಡನ್ನಿನ ನನ್ನ ಮೊಮ್ಮಗ ನಾಲ್ಕಕ್ಕೆ ರಿಸೆಪ್ಷನ್ ಸೇರಿದವನು ಈಗ ಇಯರ್ ಸಿಕ್ಸ್. ಹದಿನಾರಕ್ಕೆ ಜಿಸಿಎಸ್‌ಇ, ಹದಿನೆಂಟಕ್ಕೆ ಎ-ಲೆವೆಲ್, ಆಮೇಲೆ ಮೂರು ವರ್ಷದ ಡಿಗ್ರಿ ಎಂದು ಅವನಪ್ಪ ಆಗಲೇ ಲೆಕ್ಕ ಹಾಕಿದ್ದಾನೆ. ಅದಕ್ಕೆ ಮೊದಲು ಈ ಮೇ ತಿಂಗಳಲ್ಲಿ ಸ್ಯಾಟ್ಸ್: ಓದು, ವ್ಯಾಕರಣ, ಗಣಿತ. ಅಂಕ ಮಗುವಿಗಿಂತ ಶಾಲೆಯ ಮಾನಕ್ಕೆ ಬೇಕು. ಊರಿಗೆಲ್ಲ ಪ್ರಕಟವಾಗುತ್ತದೆ, ಒಳ್ಳೆಯ ಅಂಕದ ಶಾಲೆಯ ಸುತ್ತ ಮನೆಬೆಲೆಯೂ ಏರುತ್ತದೆ. ಜನವರಿಯಿಂದ ಚಿತ್ರಕಲೆಯ ಪೀರಿಯಡ್ಡೇ ಇಲ್ಲ ಎಂದು ಹುಡುಗನ ದೂರು. ರಾಬರ್ಟ್ ಲೋ ಯಾರೆಂದು ಅವನಿಗೆ ಹೇಳಿದೆ. “ಅಜ್ಜಿ, ಅವರು ಈಗಲೂ ಇದ್ದಾರಾ?” ಅಂದ.