ಏಲಕ್ಕಿಯ ಕಟ್ಟೆ

ಹಾವೇರಿಯ ಏಲಕ್ಕಿ ಮಾಲೆಯನ್ನು ಅರಿಯದವರು ಧಾರವಾಡ ಸೀಮೆಯಲ್ಲಿ ವಿರಳ. ಮಲೆನಾಡಿನ ಏಲಕ್ಕಿ ಹಿಂದೆ ಆ ಊರಿಗೆ ಬಂದು, ಅಲ್ಲಿಯ ಬಾವಿಯ ನೀರಿನಲ್ಲಿ ಮಿಂದು, ಬಿಳುಪೇರಿ ಪೇಟೆ ಸೇರುತ್ತಿತ್ತು. ಅದನ್ನು ಬೆಳೆದ ತೋಟದ ಪಾಡನ್ನು ನಾವು ಬಯಲುಸೀಮೆಯವರು ವಿಚಾರಿಸಿದ್ದು ಕಡಿಮೆ.

ನಮಗೆ ಕಟ್ಟೆಯೆಂದರೆ ಅರಳಿಯ ಮರದಡಿಯ ಜಗುಲಿ. ಏಲಕ್ಕಿ ಬೆಳೆಗಾರನಿಗೆ ಅದು ರೋಗದ ಹೆಸರು. ಎಳೆಯ ಎಲೆಯಲ್ಲಿ ತಿಳಿಹಸುರು ಗೆರೆಗಳು ಮೂಡಿ, ನಡುನರದಿಂದ ಅಂಚಿನವರೆಗೆ ಪಟ್ಟೆಗಳಾಗಿ ಹಬ್ಬುತ್ತವೆ. ಬೆಳೆದ ಗಿಡ ಕೂಡಲೇ ಸಾಯುವುದಿಲ್ಲ, ಮೋಸವಿರುವುದೇ ಅಲ್ಲಿ. ವರ್ಷದಿಂದ ವರ್ಷಕ್ಕೆ ಕಂದುಗಳು ಕುಗ್ಗಿ, ಫಸಲು ಇಳಿದು, ಕಡೆಗೆ ಬುಡವೇ ಬರಿದಾಗುತ್ತದೆ. ಎಳವೆಯಲ್ಲಿ ತಗಲಿದ ಗಿಡವಂತೂ ಕಾಯಿ ಕಾಣುವುದಿಲ್ಲ.

ಧಾರವಾಡದಂತೆ ಉತ್ತರ ಕನ್ನಡವೂ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, 1900ರಲ್ಲಿ, ಕೃಷಿ ಅಧಿಕಾರಿ ಮಾಲಿಸನ್ ಈ ರೋಗವನ್ನು ಪ್ರಸ್ತಾಪಿಸಿದರು. ಅದಕ್ಕೆ ಎರಡೇ ವರ್ಷ ಮೊದಲು, 1898ರಲ್ಲಿ, ಹಾಲೆಂಡಿನ ಬೈಯರಿಂಕ್ ಹೊಗೆಸೊಪ್ಪಿನ ರೋಗಕ್ಕೆ ಕಾರಣವಾದ ಕಾಣದ ಸೋಂಕನ್ನು ವೈರಸ್ ಎಂದು ಕರೆದಿದ್ದ. ಲ್ಯಾಟಿನ್ನಿನಲ್ಲಿ ಆ ಪದಕ್ಕೆ ವಿಷವೆಂದು ಅರ್ಥ. ಕಟ್ಟೆಯೂ ವೈರಸ್ಸಿನದೇ ಕೃತ್ಯ, ಗಿಡಹೇನು ಅದರ ವಾಹಕ ಎಂದು ಉಪ್ಪಳ್, ವರ್ಮ, ಕಪೂರ್ ಎಂಬ ಮೂವರು ತೋರಿಸಿದ್ದು 1945ರಲ್ಲಿ. ಮಾಲಿಸನ್ ಬರೆದು ಆಗಲೇ ನಲವತ್ತೈದು ವರ್ಷ ಸಂದಿದ್ದವು.

ಈ ವೈರಸ್ ಬೀಜದ ಮೂಲಕ ಹರಡದು, ಗಡ್ಡೆಯ ಮೂಲಕ ಹರಡುತ್ತದೆ. ಒಳ್ಳೆಯ ಗಿಡವೆಂದು ಗಡ್ಡೆ ಕಿತ್ತು ನೆಟ್ಟವನು ಎಷ್ಟೋ ವೇಳೆ ರೋಗವನ್ನೇ ನೆಟ್ಟಿರುತ್ತಾನೆ. ತಗಲಿದ ಗಿಡಕ್ಕೆ ಮದ್ದಿಲ್ಲ. ಬುಡಸಹಿತ ಕಿತ್ತು ನಾಶಮಾಡಬೇಕು. ಹೇಳುವುದು ಸುಲಭ. ಇನ್ನೂ ಒಂದೆರಡು ಫಸಲು ಕೊಡಬಲ್ಲ ಗಿಡವನ್ನು ಕೈಯಾರೆ ಕೀಳಲು ಯಾವ ಒಕ್ಕಲಿಗನಿಗೆ ಮನಸ್ಸು ಬಂದೀತು? ಬಂದರೂ, ನೆರೆಯವನು ಕೀಳದಿದ್ದರೆ ಹೇನಿಗೆ ಬೇಲಿ ಉಂಟೆ?

ವಿಜ್ಞಾನಿಗಳು ಇಂದು ಈ ವೈರಸ್ಸನ್ನು ಮ್ಯಾಕ್ಲುರಾ ಎಂಬ ಅಮೆರಿಕದ ಮುಳ್ಳುಮರದ ಹೆಸರು ಹೊತ್ತ ಗುಂಪಿಗೆ ಸೇರಿಸಿದ್ದಾರೆ. ರೋಗದ ಹೆಸರು ಮಾತ್ರ ಇಂಗ್ಲಿಷ್ ಗ್ರಂಥಗಳಲ್ಲಿಯೂ ಕಟ್ಟೆಯೇ. ಹಾಸನ ಜಿಲ್ಲೆಯಿಂದ 1990ರ ದಶಕದಲ್ಲಿ ವರದಿಯಾದ ಇನ್ನೊಂದು ವೈರಸ್ ರೋಗ ಕೊಕ್ಕೆ ಕಂದು. ಹೊಸ ಎಲೆ ಹಳೆಯದರಲ್ಲಿ ಸಿಕ್ಕಿ ಕಂದು ಕೊಕ್ಕೆಯಾಗುವುದರಿಂದ ಆ ಹೆಸರು. ನಿಘಂಟುಕಾರರು ಇವಕ್ಕೆ ಸ್ಥಳ ಕೊಡಬೇಡವೆ?

ಕಟ್ಟೆ ಹೊಕ್ಕು ಹಾಳಾದ ತೋಟಗಳಲ್ಲಿಯೂ ಅಲ್ಲೊಂದು ಇಲ್ಲೊಂದು ಗಿಡ ಹಸುರಾಗಿ ಉಳಿದಿರುತ್ತಿತ್ತು. ಕೊಡಗಿನ ಅಪ್ಪಂಗಳದ ಸಂಶೋಧನಾ ಕೇಂದ್ರದವರು ಅಂಥವನ್ನು ಆಯ್ದು ತಂದು ಬೆಳೆಸಿದರು. ಕಟ್ಟೆಯನ್ನು ತಡೆಯಬಲ್ಲ ‘ವಿಜೇತ’ ತಳಿ ಹೊರಬಂದದ್ದು ಅವುಗಳಿಂದಲೇ.