ಸೆರಗಿನ ಮೇಲೊಂದು ಪಟ್ಟಿ

ಮದುವೆಗೆ ಹೊರಟ ಹೆಂಗಸರಿಗೆ ಕಾರಿನ ಬೆಲ್ಟು ಹಾಕಿಕೊಳ್ಳಿ ಎಂದು ಹೇಳಿ ನೋಡಿ. "ಅಯ್ಯೋ, ಈಗ ತಾನೇ ಇಸ್ತ್ರಿ ಮಾಡಿ ಉಟ್ಟಿದ್ದೇನೆ, ಸೆರಗೆಲ್ಲ ಮುದುಡಿ ಹೋಗುತ್ತೆ" ಎನ್ನುತ್ತಾರೆ. ಅವರನ್ನು ನಾನು ಆಡಿಕೊಳ್ಳುವುದಿಲ್ಲ. ಮೂರು ವರ್ಷದ ಹಿಂದಿನವರೆಗೆ ನಾನೂ ಅದನ್ನೇ ಹೇಳುತ್ತಿದ್ದೆ.

ಅಂದು ನಾದಿನಿಯ ಮಗಳ ಮದುವೆ. ಬಾಡಿಗೆ ಕಾರಿನ ಮುಂದಿನ ಸೀಟಿನಲ್ಲಿ ನಾನು, ತೊಡೆಯ ಮೇಲೆ ಒಂಬತ್ತು ತಿಂಗಳ ಮೊಮ್ಮಗು. ಹಿಂದೆ ಕೂತಿದ್ದ ಮಗಳು, "ಅಮ್ಮಾ, ಪಾಪುನ ನಂಗೆ ಕೊಟ್ಟು ನೀನು ಬೆಲ್ಟು ಹಾಕ್ಕೋ" ಎಂದಳು. "ನಿನ್ನನ್ನೂ ನಿನ್ನ ತಮ್ಮನನ್ನೂ ಹೀಗೇ ಎತ್ತಿಕೊಂಡು ಊರೂರು ತಿರುಗಿದವಳು ನಾನು. ನನ್ನ ತೋಳಿಗಿಂತ ಗಟ್ಟಿ ಬೆಲ್ಟು ಯಾವುದಿದೆಯೇ?" ಎಂದು ಗದರಿದೆ. ಊರಾಚೆ ಎಮ್ಮೆಯೊಂದು ಅಡ್ಡ ಬಂತು. ಡ್ರೈವರ್ ಬ್ರೇಕ್ ಒತ್ತಿದ. ಅಷ್ಟೇ. ಮಗು ನನ್ನ ತೋಳಿನಿಂದ ಜಾರಿ, ಅದರ ಹಣೆ ಡ್ಯಾಶ್‌ಬೋರ್ಡಿಗೆ ಬಡಿಯಿತು. ದೇವರು ದೊಡ್ಡವನು, ಒಂದು ಬುಗುಟೆಯಲ್ಲಿ ಮುಗಿಯಿತು. ಮಗಳು ಒಂದು ಮಾತೂ ಆಡಲಿಲ್ಲ. ಆಡಿದ್ದರೇ ಚೆನ್ನಾಗಿತ್ತು.

ನಾನು ಸಮಾಜ ಪಾಠ ಹೇಳುವವಳು. ನಮ್ಮ ಶಾಲೆಯ ವಿಜ್ಞಾನದ ಮೇಷ್ಟರನ್ನು ಕೇಳಿದೆ, ಏಕೆ ಹೀಗಾಯಿತು ಎಂದು. ಅವರು ಬೋರ್ಡಿನ ಮೇಲೆ ಲೆಕ್ಕ ಹಾಕಿದರು. ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಎಲ್ಲಿಗಾದರೂ ಗುದ್ದಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ, ಒಳಗಿರುವವರನ್ನು ಹಿಡಿದು ನಿಲ್ಲಿಸಲು ಅವರ ತೂಕದ ಸುಮಾರು 14 ಪಟ್ಟು ಬಲ ಬೇಕು. ಒಂಬತ್ತು ಕಿಲೋ ಮಗುವಿಗೆ 125 ಕಿಲೋಗೂ ಹೆಚ್ಚು! "ಟೀಚರ್, ಕ್ವಿಂಟಲ್ ಮೂಟೆಯನ್ನು ನೀವು ತೋಳಲ್ಲಿ ಹಿಡಿಯಬಲ್ಲಿರಾ?" ಎಂದರು. ಅಂದು ಕಾರು ಗುದ್ದಲಿಲ್ಲ, ಬರೀ ಬ್ರೇಕಿಗೇ ನನ್ನ ತೋಳು ಸೋತಿತ್ತು.

ಆಮೇಲೆ ಈ ಪಟ್ಟಿಯ ಚರಿತ್ರೆಯನ್ನು ಓದತೊಡಗಿದೆ. ಅದು ಶುರುವಾಗುವುದು ರಸ್ತೆಯಲ್ಲಲ್ಲ, ವಿಮಾನದಲ್ಲಿ.

ಜಾನ್ ಪಾಲ್ ಸ್ಟಾಪ್ ಎಂಬಾತ ಅಮೆರಿಕದ ವಾಯುಪಡೆಯ ವೈದ್ಯ. ಎಳೆ ವಯಸ್ಸಿನಲ್ಲಿ, ಬೆಂಕಿಯಲ್ಲಿ ಸುಟ್ಟುಕೊಂಡ ಬಂಧುಗಳ ಕೂಸೊಂದನ್ನು ಆರೈಕೆ ಮಾಡಿ ಉಳಿಸಿಕೊಳ್ಳಲಾಗದೆ, ವೈದ್ಯನಾಗಬೇಕೆಂದು ನಿಶ್ಚಯಿಸಿದವನು. ವಿಮಾನ ಬಿದ್ದಾಗ ಮನುಷ್ಯನ ದೇಹ ಎಷ್ಟು ಪೆಟ್ಟು ತಡೆದೀತು ಎಂಬುದು ಅವನ ಪ್ರಶ್ನೆ. ತೂಕದ 18 ಪಟ್ಟಿಗಿಂತ ಹೆಚ್ಚಾದರೆ ಸಾವೇ ಎಂದು ಆಗಿನವರು ನಂಬಿದ್ದರು. ಸ್ಟಾಪ್ ಹಳಿಯ ಮೇಲೆ ಓಡುವ ರಾಕೆಟ್ ಬಂಡಿಗೆ ತನ್ನನ್ನೇ ಬಿಗಿಸಿಕೊಂಡ. 1954ರ ಡಿಸೆಂಬರ್ 10ರಂದು ನ್ಯೂ ಮೆಕ್ಸಿಕೋದ ಹಾಲೋಮನ್ ನೆಲೆಯಲ್ಲಿ ಆ ಬಂಡಿ ಐದೇ ಸೆಕೆಂಡಿನಲ್ಲಿ ಗಂಟೆಗೆ ಸಾವಿರ ಕಿಲೋಮೀಟರ್ ವೇಗ ದಾಟಿತು, 1.4 ಸೆಕೆಂಡಿನಲ್ಲಿ ನಿಂತಿತು. ಅವನ ದೇಹದ ಮೇಲೆ ಬಿದ್ದದ್ದು ತೂಕದ 46 ಪಟ್ಟು. ಕಣ್ಣಿನ ರಕ್ತನಾಳಗಳು ಒಡೆದು ಕೆಲಕಾಲ ಏನೂ ಕಾಣಿಸಲಿಲ್ಲ. ಆದರೆ ಬದುಕಿದ. ಸರಿಯಾಗಿ ಕಟ್ಟಿ ಕೂರಿಸಿದರೆ ಮನುಷ್ಯ ಉಳಿಯುತ್ತಾನೆ ಎಂದು ತೋರಿಸಿಕೊಟ್ಟ.

ವಾಯುಪಡೆಯವರು ವಿಮಾನಕ್ಕಿಂತ ಕಾರು ಅಪಘಾತಗಳಲ್ಲೇ ಹೆಚ್ಚಾಗಿ ಸಾಯುತ್ತಿದ್ದುದನ್ನೂ ಅವನು ಗಮನಿಸಿದ. ಮರುವರ್ಷದಿಂದಲೇ ಕಾರು ಅಪಘಾತಗಳ ಬಗ್ಗೆ ತಜ್ಞರ ಸಭೆ ಸೇರಿಸತೊಡಗಿದ. 1966ರಲ್ಲಿ ಅಮೆರಿಕದಲ್ಲಿ ವಾಹನ ಸುರಕ್ಷತೆಯ ಕಾಯಿದೆಗೆ ಅಧ್ಯಕ್ಷ ಜಾನ್ಸನ್ ಸಹಿ ಹಾಕುವಾಗ ಸ್ಟಾಪ್ ಅಲ್ಲೇ ಇದ್ದ.

ಅಷ್ಟರಲ್ಲಿ ಸ್ವೀಡನ್ನಿನಲ್ಲಿ ಇನ್ನೊಂದು ಕೆಲಸ ನಡೆದಿತ್ತು. ನೀಲ್ಸ್ ಬೂಲಿನ್ ಎಂಬ ಇಂಜಿನಿಯರ್ ಸಾಬ್ ಸಂಸ್ಥೆಯಲ್ಲಿ, ಅಪಾಯದಲ್ಲಿ ಪೈಲಟನ್ನು ವಿಮಾನದಿಂದ ಹೊರಕ್ಕೆ ಚಿಮ್ಮಿಸುವ ಸೀಟುಗಳನ್ನು ಮಾಡುತ್ತಿದ್ದ. 1958ರಲ್ಲಿ ವೋಲ್ವೋ ಕಂಪನಿ ಸೇರಿದ. ಅಲ್ಲಿಯವರೆಗೆ ಕಾರುಗಳಲ್ಲಿ ಇದ್ದರೆ ಇದ್ದದ್ದು ಹೆಚ್ಚಾಗಿ ಸೊಂಟದ ಪಟ್ಟಿ. ಪೆಟ್ಟು ಬಿದ್ದಾಗ ಅದು ಹೊಟ್ಟೆಯನ್ನು ಹಿಸುಕುತ್ತಿತ್ತು, ಮೇಲ್ಭಾಗ ಮುಂದಕ್ಕೆ ಬಾಗುತ್ತಿತ್ತು. ಬೂಲಿನ್ ಒಂದೇ ಪಟ್ಟಿಯನ್ನು ಎದೆಯ ಮೇಲೂ ಸೊಂಟದ ಮೇಲೂ ಹಾಯಿಸಿ ಪಕ್ಕದಲ್ಲಿ ಸಿಕ್ಕಿಸಿದ. ಒಂದೇ ಕೈಯಲ್ಲಿ ಹಾಕಿಕೊಳ್ಳಬಹುದು. 1959ರಲ್ಲಿ ಅದು ಕಾರಿನಲ್ಲಿ ಬಂತು. ಕಂಪನಿ ತನ್ನ ಪೇಟೆಂಟನ್ನು ಎಲ್ಲ ಕಾರು ತಯಾರಕರಿಗೂ ಬಿಟ್ಟುಕೊಟ್ಟಿತು. 1967ರಲ್ಲಿ ಬೂಲಿನ್ ಸುಮಾರು 28,000 ಅಪಘಾತಗಳನ್ನು ಪರಿಶೀಲಿಸಿ, ಪಟ್ಟಿ ಹಾಕಿದವರಿಗೆ ಗಾಯ ಸುಮಾರು ಅರ್ಧಕ್ಕೆ ಇಳಿದಿದೆ ಎಂದು ಲೆಕ್ಕ ಒಪ್ಪಿಸಿದ.

ಇಷ್ಟೆಲ್ಲ ಓದುವಾಗ ಒಂದು ಸಂಗತಿ ನನ್ನನ್ನು ಚುಚ್ಚಿತು. ಕಾರನ್ನು ಗೋಡೆಗೆ ಗುದ್ದಿಸಿ ಪರೀಕ್ಷಿಸುವಾಗ ಒಳಗೆ ಕೂರಿಸುವ ಗೊಂಬೆ ದಶಕಗಳ ಕಾಲ ಗಂಡಸಿನದೇ: 175 ಸೆಂಟಿಮೀಟರ್ ಎತ್ತರ, ಸುಮಾರು 78 ಕಿಲೋ ತೂಕ. ಹೆಂಗಸಿನ ಗೊಂಬೆಯೆಂದು ಬಳಸಿದ್ದು ಅದನ್ನೇ ಕುಗ್ಗಿಸಿದ ಪುಟ್ಟ ಗೊಂಬೆ. ಅಣ್ಣನ ಷರ್ಟು ಕತ್ತರಿಸಿ ತಂಗಿಗೆ ರವಿಕೆ ಹೊಲಿದ ಹಾಗೆ. ಹಿಂದಿನಿಂದ ಗಾಡಿ ಗುದ್ದಿದಾಗ ಕತ್ತು ಉಳುಕಿ ನರಳುವವರಲ್ಲಿ ಹೆಂಗಸರ ಪಾಲು ಹೆಚ್ಚು ಎಂದು ತಿಳಿದಿದ್ದರೂ ಹೀಗೆ. ಸ್ವೀಡನ್ನಿನ ಆಸ್ಟ್ರಿಡ್ ಲಿಂಡರ್ ಎಂಬ ಸಂಶೋಧಕಿಯ ತಂಡ, ಸಾಮಾನ್ಯ ಹೆಂಗಸಿನ ಅಳತೆಯ, 162 ಸೆಂಟಿಮೀಟರ್ ಎತ್ತರದ, 62 ಕಿಲೋ ತೂಕದ ಗೊಂಬೆಯನ್ನು ಹೊರತಂದದ್ದು 2022ರಲ್ಲಿ. ನಮ್ಮನ್ನು ಅಳೆಯಲು ಅಷ್ಟು ವರ್ಷ ಬೇಕಾಯಿತು!

ನಮ್ಮಲ್ಲಿ 2019ರ ಸೆಪ್ಟೆಂಬರಿನಿಂದ ಬೆಲ್ಟು ಹಾಕದಿದ್ದರೆ ಸಾವಿರ ರೂಪಾಯಿ ದಂಡ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನೂ ಬೆಲ್ಟಿನಲ್ಲೋ ಮಕ್ಕಳ ಸೀಟಿನಲ್ಲೋ ಕೂರಿಸಬೇಕು. ಪಟ್ಟಿಯ ಕೆಳಭಾಗ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಕೂರಬೇಕು. ಬಸುರಿಯರಂತೂ ಹೊಟ್ಟೆಯ ಕೆಳಗೇ ಹಾಯಿಸಿಕೊಳ್ಳಬೇಕು. ತವರಿಗೆ ಹೊರಟ ಹೆಣ್ಣುಮಕ್ಕಳಿಗೆ ಇದನ್ನು ಹೇಳಿ ಕಳಿಸಿ.

ಮೊನ್ನೆ ಇನ್ನೊಂದು ಮದುವೆ. ಮೊಮ್ಮಗು ಹಿಂದೆ ತನ್ನ ಪುಟ್ಟ ಸೀಟಿನಲ್ಲಿ ಪಟ್ಟಿ ಬಿಗಿಸಿಕೊಂಡು ಕೂತು, "ಅಜ್ಜಿ, ನಿಂದು?" ಎಂದಿತು. ಹಾಕಿಕೊಂಡೆ. ಮಂಟಪದಲ್ಲಿ ನಾದಿನಿ ನನ್ನ ಸೆರಗು ನೋಡಿ, "ಏನತ್ತಿಗೆ, ಇಷ್ಟು ಮುದುಡಿದೆ?" ಎಂದಳು. ಕೈಯಿಂದ ಸವರಿಕೊಂಡು ನಕ್ಕೆ. ಸ್ವಲ್ಪ ದೂರದಲ್ಲಿ ಮಗಳು ನಿಂತಿದ್ದಳು. ಅವಳೂ ನಕ್ಕಳು.